ಹುಣಸೆ ಮರವಿದ್ದ ಜಾಗ

೧೯೭೫ರ ಜನವರಿ ೮, ಬುಧವಾರ. ಸಂಜೆ ೪ ಗಂಟೆ ೪೦ ನಿಮಿಷಕ್ಕೆ ಶಂಕ್ರೆಪ್ಪ ಮಾಸ್ತರರು ಸವದತ್ತಿ ಪೊಲೀಸ್ ಠಾಣೆಗೆ ಬಂದರು. ಅವರ ಕೈಯಲ್ಲಿ ದೂರಿನ ಅರ್ಜಿ ಇರಲಿಲ್ಲ. ಬಣ್ಣ ಹತ್ತಿದ ಒಂದು ಅರಿವೆ ಇತ್ತು, ಅಷ್ಟೆ. ಅವರು ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸುವವರು. ಹಿಂದಿನ ದಿನವಷ್ಟೇ ಸವದತ್ತಿಯ ಒಂದು ಸಭಾಗೃಹದಲ್ಲಿ ಅವರ ತೈಲಚಿತ್ರಗಳ ಪ್ರದರ್ಶನ ಆರಂಭವಾಗಿತ್ತು.

"ನನ್ನ ಚಿತ್ರಾ ಕೆಡಿಸ್ಯಾರ್ರಿ," ಎಂದರು.

ಫೌಜದಾರ ಮಲಕಾಜಪ್ಪ ಕುರ್ಚಿ ತೋರಿಸಿದರು. "ಕುಂತ್ರಿ. ಹರದಾರೋ, ಸುಟ್ಟಾರೋ?"

"ಎರಡೂ ಅಲ್ಲ. ಅದರಾಗ ಮನಿ ಬರದಾರ."

ಹವಾಲ್ದಾರ ಬಾಳು ಬರೆಯುವುದನ್ನು ನಿಲ್ಲಿಸಿದ. "ಎಷ್ಟ ಮನಿರಿ?"

"ನಾ ಎಣಸಾಕ ಹೋಗಿಲ್ಲ."

"ಸಾಹೇಬರ, ಮನಿಯಾಗಿಂದು ಒಯ್ಯೋ ಕಳ್ಳರನ್ನ ನೋಡೇವಿ. ಮನೀನ ತಂದು ಇಟ್ಟು ಹೋದವರು ಇವರ ಮೊದಲು ನೋಡ್ರಿ."

ಮಾಸ್ತರರು ನಗಲಿಲ್ಲ. ಆ ಚಿತ್ರವನ್ನು, ಮುಳುಗಿದ ಊರಿನವರಿಗೆ ಜಾಗ ಕೊಡುವ ಪುನರ್ವಸತಿಯ ಸಾಹೇಬರು ಮಂಗಳವಾರ ಉದ್ಘಾಟನೆಗೆ ಬಂದಾಗ ಆರಿಸಿದ್ದರು. ಶನಿವಾರ ಅದನ್ನು ಒಪ್ಪಿಸಬೇಕಿತ್ತು. ಅಣೆಕಟ್ಟಿನ ಅತಿಥಿಗೃಹದಲ್ಲಿ ಅದು ಕಾಯಂ ತೂಗುವುದಿತ್ತು.

೫ ಗಂಟೆ ೧೦ ನಿಮಿಷಕ್ಕೆ ಎಫ್.ಐ.ಆರ್. ದಾಖಲಾಯಿತು. ಕಲಂ ೪೪೮, ೪೨೭. ಅತಿಕ್ರಮ ಪ್ರವೇಶ ಮತ್ತು ಹಾನಿ.

ಸಭಾಗೃಹದಲ್ಲಿ ಇಪ್ಪತ್ತೆರಡು ಚಿತ್ರಗಳಿದ್ದವು. ಕಿತ್ತೂರು ಕೋಟೆಯ ಬಿದ್ದ ಗೋಡೆಗಳು, ಸೊಗಲದ ಜಲಪಾತ, ಹೊಳೆಯಾಚೆಯಿಂದ ಕಂಡ ರಾಮದುರ್ಗ, ಯಲ್ಲಮ್ಮನ ಗುಡ್ಡ. ಎಲ್ಲಕ್ಕೂ ದೊಡ್ಡದನ್ನು ಬಾಗಿಲಿಗೆ ಎದುರಾಗಿ ತೂಗುಹಾಕಿದ್ದರು. ಅದರ ಕೆಳಗಿನ ಚೀಟಿಯಲ್ಲಿ ಹೀಗಿತ್ತು: 'ಬಸರಿಹಾಳ, ಮುಳುಗುವ ಮುನ್ನ. ಊರಿನ ಸಮಗ್ರ ದೃಶ್ಯ.' ಬಸರಿಹಾಳ ಒಂದೂವರೆ ವರ್ಷದ ಹಿಂದೆ ಮಲಪ್ರಭೆಯ ಹಿನ್ನೀರಿಗೆ ಹೋದ ಊರು.

ಚಿತ್ರದ ಬಲಗಡೆಯ ಕೆಳಮೂಲೆಯಲ್ಲಿ, ಹಳ್ಳದ ದಂಡೆಯ ಮೇಲೆ, ಒಂದು ಹುಣಸೆ ಮರ ಇದ್ದಿರಬೇಕು. ಈಗ ಅದರ ನೆತ್ತಿಯಷ್ಟೇ ಉಳಿದಿತ್ತು. ಮರದ ಮೇಲೆ ಬಿಳಿ ಗೋಡೆಯ ಮನೆಗಳಿದ್ದವು. ಮಲಕಾಜಪ್ಪ ಎರಡು ಸಲ ಎಣಿಸಿ ಪಂಚನಾಮೆಯಲ್ಲಿ ಬರೆಸಿದರು. ಹದಿನಾಲ್ಕು. ಒಂದರ ಬಾಗಿಲು ನೀಲಿ. ಬೆರಳು ಇಟ್ಟು ನೋಡಿದರೆ ಬಣ್ಣ ಹಸಿಯಾಗಿತ್ತು.

ಮಾಸ್ತರರ ಬಣ್ಣದ ಪೆಟ್ಟಿಗೆ ಅಲ್ಲೇ ಸ್ಟೂಲಿನ ಮೇಲಿತ್ತು. ಎರಡೂ ದಿನ ಮುಂಜಾನೆ ಜನರೆದುರು ಕುಳಿತು ಅವರು ಚಿತ್ರ ಬರೆದು ತೋರಿಸುತ್ತಿದ್ದರು. ಪ್ರತಿ ಟ್ಯೂಬನ್ನೂ ಬಾಲದಿಂದ ಅಚ್ಚುಕಟ್ಟಾಗಿ ಸುತ್ತಿಕೊಂಡು ಬಂದಿದ್ದರು. ಬಿಳಿ ಮತ್ತು ನೀಲಿಯ ಟ್ಯೂಬುಗಳನ್ನು ಮಾತ್ರ ಯಾರೋ ನಡುವಿಗೆ ಹಿಡಿದು ಹಿಂಡಿದ್ದರು.

ಬಾಗಿಲು ಕಾಯುವವನು ಹನುಮಪ್ಪ.

"ಬಾಗಿಲಾ ಬಿಟ್ಟು ಎಲ್ಲಿ ಹೋಗಿದ್ದಿ?"

"ಎಲ್ಲಿಗೂ ಇಲ್ಲರಿ."

"ಮಧ್ಯಾಹ್ನ ಊಟಾ?"

"ಇಲ್ಲೇ ಮಾಡಿದ್ನಿರಿ."

"ಡಬ್ಬಿ ತೋರ್ಸು."

ಹನುಮಪ್ಪ ನೆಲ ನೋಡಿದ. "ಮನಿಗೆ ಹೋಗಿದ್ನಿರಿ. ಒಂದರಿಂದ ಎರಡೂವರಿ. ಚಿಲಕಾ ಹಾಕಿದ್ದೆ, ಕೀಲಿ ಹಾಕಿರಲಿಲ್ಲ. ಚಿತ್ರಾ ಯಾರು ಒಯ್ತಾರ್ರಿ, ಅದೇನು ಉಣ್ಣಾಕ ಬರತೈತೇನು?"

ಮಾಸ್ತರರಿಗೆ ಒಬ್ಬನ ಮೇಲೆ ಸಂಶಯವಿತ್ತು. ರಾಮದುರ್ಗದ ದುರ್ಗಪ್ಪ, ಅಂಗಡಿಗಳಿಗೆ ಬೋರ್ಡು ಬರೆಯುವವನು. ತನ್ನ ಎರಡು ಚಿತ್ರಗಳನ್ನೂ ಪ್ರದರ್ಶನದಲ್ಲಿ ತೂಗುಹಾಕಿ ಎಂದು ಕೇಳಿದ್ದನಂತೆ. ಇವರು ಒಲ್ಲೆ ಎಂದಿದ್ದರು.

ಜನವರಿ ೯, ಗುರುವಾರ. ಬೆಳಿಗ್ಗೆ ೮ ಗಂಟೆ ೧೫ರ ಬಸ್ಸಿಗೆ ಮಲಕಾಜಪ್ಪ ಮತ್ತು ಬಾಳು ರಾಮದುರ್ಗಕ್ಕೆ ಹೋದರು. ಹಿಂದಿನ ಸಂಜೆ ಸ್ಟುಡಿಯೋದವನಿಂದ ತೆಗೆಸಿದ ಫೋಟೋ ಜೊತೆಗಿತ್ತು. ದುರ್ಗಪ್ಪ ಬಸ್ ನಿಲ್ದಾಣದ ಎದುರು ನಿಚ್ಚಣಿಕೆಯ ಮೇಲೆ ನಿಂತು ಸಾಬೂನಿನ ಬೋರ್ಡು ಬರೆಯುತ್ತಿದ್ದ. ಎರಡು ದಿನದಿಂದ ಅವನು ಅಲ್ಲಿಂದ ಕದಲಿಲ್ಲವೆಂದು ಅಂಗಡಿಯವನು ಹೇಳಿದ. ದುರ್ಗಪ್ಪ ಕೆಳಗಿಳಿದು ಕೈ ಒರೆಸಿಕೊಂಡು ಫೋಟೋವನ್ನು ಬೆಳಕಿಗೆ ಹಿಡಿದ.

"ಇದು ನಂದಲ್ಲರಿ. ನಂದಿದ್ರ ನೆರಳ ಹಾಕ್ತಿದ್ದೆ. ಮಾಸ್ತರರ ಬಿಸಿಲು ಎಡಕ್ಕ ಐತಿ. ಈ ಮನಿಗೋಳಿಗೆ ನೆರಳ ಇಲ್ಲ."

"ಮತ್ತ ಯಾರದು?"

"ಬ್ರಶ್ ಹಿಡದವರದಲ್ಲ. ಬೆರಳಿಲೆ ಎಳದಾರ. ಹೆಣ್ಣಮಕ್ಕಳು ಹಬ್ಬಕ್ಕ ಗ್ವಾಡಿಗೆ ಸುಣ್ಣದ ಪಟ್ಟಿ ಎಳೀತಾರಲ್ಲ, ಹಂಗ." ಅವನು ಫೋಟೋವನ್ನು ಇನ್ನೂ ಹತ್ತಿರ ತಂದ. "ಇನ್ನೊಂದ ನೋಡ್ರಿ. ಸುಮ್ನ ಬರದವರು ಒಂದ ಮನಿ ಹಂಗ ಎಲ್ಲಾನೂ ಬರೀತಾರ. ಇಲ್ಲಿ ಒಂದಕ್ಕ ಎರಡ ಮೆಟ್ಟಲ, ಒಂದಕ್ಕ ಗ್ವಾಡಿ ಬಿದ್ದೈತಿ, ಇದರ ಬಾಗಲಾ ಅಷ್ಟ ಬ್ಯಾರೆ ಬಣ್ಣ. ಇವು ಇದ್ದ ಮನಿ, ಸಾಹೇಬರ."

"ನಿನ್ನ ಚಿತ್ರಾ ಯಾಕ ಬ್ಯಾಡ ಅಂದ್ರು?"

"ಬೋರ್ಡ ಬರಿಯೋನು ಬೋರ್ಡ ಬರೀಲಿ ಅಂದ್ರು," ಎಂದು ದುರ್ಗಪ್ಪ ಮತ್ತೆ ನಿಚ್ಚಣಿಕೆ ಹತ್ತಿದ.

ಮರಳಿ ಬರುವ ಬಸ್ಸಿನಲ್ಲಿ ಬಾಳು ಹೇಳಿದ: "ಇವನ್ನ ಠಾಣೇದಾಗ ಇಟಗೋರಿ ಸಾಹೇಬರ. ನಾ ಬೇಕಾದ್ರ ಬೋರ್ಡ ಬರೀತೇನಿ."

ಮಲಕಾಜಪ್ಪ ಫೋಟೋದಲ್ಲಿನ ಮನೆಗಳನ್ನೇ ನೋಡುತ್ತಿದ್ದರು. ಮಧ್ಯಾಹ್ನ ೧ ಗಂಟೆ ೨೦ಕ್ಕೆ ಸಭಾಗೃಹದಲ್ಲಿ ಮಾಸ್ತರರನ್ನು ಚಿತ್ರದ ಮುಂದೆ ನಿಲ್ಲಿಸಿದರು.

"ಆ ಮೂಲ್ಯಾಗ ಏನಿತ್ತರಿ?"

"ಹುಣಸಿ ಮರಾ."

"ಮರಾ ನೀವು ಬರದದ್ದು. ಊರಾಗ ಏನಿತ್ತು?"

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಒರೆಸಿದ ಮೇಲೂ ಹಾಕಿಕೊಳ್ಳಲಿಲ್ಲ. "ಕೇರಿ ಇತ್ತರಿ. ಹರಿಜನರದು. ಮುರಕ ತಗಡು, ಹರಕ ಗ್ವಾಡಿ. ಚಿತ್ರಕ್ಕ ಚಂದ ಕಾಣಂಗಿಲ್ಲಂತ ಮರಾ ಹಾಕಿದೆ. ಕಿತ್ತೂರ ಕ್ವಾಟಿ ಬರಿಯೋವಾಗೂ ಮುಂದಿನ ತಿಪ್ಪಿ ಬಿಟ್ಟೀನಿ. ಎಲ್ಲಾರೂ ಹಂಗ ಮಾಡತಾರ."

"ತಿಪ್ಪಿ," ಎಂದು ಬಾಳು ಮೆಲ್ಲಗೆ ಹೇಳಿಕೊಂಡ. ಬರೆದುಕೊಳ್ಳಲಿಲ್ಲ.

ಹೊಸ ಬಸರಿಹಾಳ ಸವದತ್ತಿಯಿಂದ ಐದು ಮೈಲು. ರಸ್ತೆಯ ಒಂದು ಬದಿಗೆ ಸಾಲು ಹಿಡಿದು ಕಟ್ಟಿದ ಕಲ್ಲಿನ ಮನೆಗಳು. ತಗ್ಗಿನ ಆಚೆ ಕೇರಿಯವರ ತಗಡಿನ ಶೆಡ್ಡುಗಳು. ಇವರ ಹೆಸರು ಜಾಗ ಕೊಡುವ ಯಾದಿಯಲ್ಲಿ ಬಂದಿರಲಿಲ್ಲ. ಅವರ ಮನೆಗಳು ಊರ ಹದ್ದಿನೊಳಗೆ ಇದ್ದವೆಂಬುದಕ್ಕೆ ಕಾಗದವಿಲ್ಲ ಎಂದು ಎರಡು ಸಲ ಅರ್ಜಿ ಮರಳಿ ಬಂದಿತ್ತು.

೩ ಗಂಟೆ ೫ ನಿಮಿಷ. ಮೊದಲ ಶೆಡ್ಡಿನ ಮುಂದೆ ಮರೆವ್ವ ಎಂಬ ಹೆಂಗಸು ಜೋಳ ಹಸನು ಮಾಡುತ್ತಿದ್ದಳು.

"ಹಳೇ ಕೇರ್ಯಾಗ ನೀಲಿ ಬಾಗಲದ ಮನಿ ಯಾರದಿತ್ತು?"

ಮರೆವ್ವನ ಮುಖ ಅರಳಿತು. "ಕೃಷ್ಣವ್ವಂದ್ರಿ! ಏ ಕೃಷ್ಣವ್ವಾ, ಬಾ ಇಲ್ಲೆ, ಸಾಹೇಬರು ಬಂದಾರ! ಜಾಗಾ ಕೊಡಾಕ ಬಂದೀರೇನ್ರಿ? ನಂದು ಅಕಿ ಮಗ್ಗಲ ಮನಿ, ಎರಡ ಮೆಟ್ಟಲಿಂದು. ಬರಕೋರಿ."

ಬಾಳು ಬರೆದುಕೊಳ್ಳಲೂ ಇಲ್ಲ, ಬೇರೆ ಕಡೆ ನೋಡಲೂ ಇಲ್ಲ.

ಕೃಷ್ಣವ್ವ ಹೊರಗೆ ಬಂದಳು. ಐವತ್ತರ ಆಸುಪಾಸು, ಗಂಡ ತೀರಿಕೊಂಡವಳು. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

"ಕೈ ತೋರ್ಸು."

ಉಗುರಿನ ಸಂದಿಯಲ್ಲಿ ಬಿಳಿ ಬಣ್ಣವಿತ್ತು. ಇಟ್ಟಂಗಿಯಿಂದ ಉಜ್ಜಿ ಬೆರಳ ತುದಿಯ ಚರ್ಮ ಕಿತ್ತಿತ್ತು.

"ಇದು ನೀರಿಗೆ ಹೋಗಂಗಿಲ್ಲರಿ," ಎಂದಳು.

"ಆ ಚಿತ್ರ ಇದ್ದಲ್ಲಿಗೆ ಯಾಕ ಹೋಗಿದ್ದಿ?"

"ಮಂಗಳವಾರ ಜಾಗದ ಸಾಹೇಬರು ಬರತಾರಂದ್ರು. ಅರ್ಜಿ ಕೊಡಾಕ."

"ಕೊಟ್ಟಿ?"

"ತಗೊಳಲಿಲ್ಲ. ಆ ಚಿತ್ರದ ಮುಂದ ನಿಂತಿದ್ರು. ನಿಮ್ಮ ಊರೆಲ್ಲಾ ಇದರಾಗ ಐತಿ, ನಿನ್ನ ಮನಿ ಎಲ್ಲೈತಿ ತೋರ್ಸು ಅಂದ್ರು. ಮಂದಿ ನಕ್ಕರು. ನಾ ಹುಡಕಿದ್ನಿರಿ. ಗುಡಿ ಸಿಕ್ತು, ಗೌಡರ ವಾಡೆ ಸಿಕ್ತು, ಹಳ್ಳಾ ಸಿಕ್ತು. ನಮ್ಮದು ಇರಲಿಲ್ಲ."

"ಅದಕ್ಕ ನಿನ್ನಿ ಮತ್ತ ಹೋದಿ?"

"ತೋರ್ಸು ಅಂದಿದ್ರಲ್ಲರಿ."

ಮಲಕಾಜಪ್ಪ ಫೋಟೋ ತೆಗೆದು ಅವಳೆದುರು ಹಿಡಿದರು. "ನಿಂದೊಂದ ಬರೀಬೇಕಿತ್ತು. ಹದಿನಾಲ್ಕ ಯಾಕ?"

"ನಂದೊಂದ ಬರದ್ರ ಕೇರಿ ಹೆಂಗ ಆಕ್ಕೈತ್ರಿ?"

"ಬಾಗಲಾ ನೀಲಿ ಯಾಕ?"

"ನೀಲೀನ ಇತ್ತರಿ. ನನ್ನ ಗಂಡ ದೀಕ್ಷಾ ತಗೊಂಡು ಬೌದ್ಧ ಆದ ವರ್ಷ ಹಚ್ಚಿದ್ದ."

"ಅದರಿಂದನ ಸಿಕ್ಕಬಿದ್ದಿ ನೋಡವ್ವಾ," ಎಂದ ಬಾಳು.

"ಬ್ಯಾರೆ ಬಣ್ಣ ಹಚ್ಚಿದ್ರ ಅದು ನಮ್ಮನಿ ಅಲ್ಲಲ್ಲರಿ."

೩ ಗಂಟೆ ೫೦ ನಿಮಿಷಕ್ಕೆ ದಸ್ತಗಿರಿ ಆಯಿತು. ಠಾಣೆಯಲ್ಲಿ ಹೆಣ್ಣು ಪೊಲೀಸರಿಲ್ಲದ ಕಾರಣ ಮರೆವ್ವನನ್ನೂ ಜೊತೆಗೆ ಬರಲು ಹೇಳಿದರು. ಮರೆವ್ವ ಮೊರ ಕೆಳಗಿಟ್ಟಳು. "ನಾನ ಅಕಿ ಹೆಸರು ಹೇಳಿಬಿಟ್ಟೆ," ಎಂದು ಒಂದೇ ಸಲ ಅಂದಳು.

ಠಾಣೆಯಲ್ಲಿ ಬಾಳು ದಸ್ತಗಿರಿಯ ಕಾಗದ ತುಂಬಿದ. ಹೆಸರು, ಗಂಡನ ಹೆಸರು, ವಯಸ್ಸು. ಕಾಯಂ ವಿಳಾಸದ ಹತ್ತಿರ ಪೆನ್ನು ನಿಂತಿತು.

"ಊರು?"

"ಬಸರಿಹಾಳ."

"ಅದು ಮುಳಗೈತಿ. ಈಗಿಂದು ಹೇಳು."

"ಈಗಿಂದು ಕೊಟ್ಟಿಲ್ಲರಿ."

ಮಲಕಾಜಪ್ಪ ತಮ್ಮ ಮೇಜಿನಿಂದಲೇ ಹೇಳಿದರು: "ಬರಿ. ಬಸರಿಹಾಳ, ಹರಿಜನ ಕೇರಿ, ನೀಲಿ ಬಾಗಿಲಿನ ಮನೆ."

"ಸಾಹೇಬರ, ಸಮನ್ಸ ಬಂದ್ರ ನೀರಾಗ ಮುಳಗಿ ಯಾರು ಕೊಟ್ಟು ಬರಬೇಕು?"

"ಬರಿ ಅಂದೆ."

ಶುಕ್ರವಾರ ಕೃಷ್ಣವ್ವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ಜಾಮೀನು ನಿಲ್ಲಲು ಹೊಲದ ಉತಾರ, ಅಂದರೆ ಪಹಣಿ, ಇದ್ದವರು ಯಾರೂ ಬರಲಿಲ್ಲ. ಶನಿವಾರದಿಂದ ವಾರಕ್ಕೊಮ್ಮೆ ಠಾಣೆಗೆ ಹಾಜರಿ ಕೊಡಬೇಕೆಂಬ ಶರತ್ತಿನ ಮೇಲೆ ಅವಳ ಸ್ವಂತ ಮುಚ್ಚಳಿಕೆಯನ್ನೇ ಒಪ್ಪಿಕೊಂಡು ಬಿಟ್ಟರು. ಅದೇ ದಿನ, ಜಪ್ತಾದ ಚಿತ್ರವನ್ನು ಮರಳಿ ಕೊಡಬೇಕೆಂಬ ಮಾಸ್ತರರ ಅರ್ಜಿಯೂ ಮಂಜೂರಾಗಿ ಚಿತ್ರ ಅವರ ವಶಕ್ಕೆ ಹೋಯಿತು. ಬಣ್ಣ ಒಣಗಲು ಇನ್ನೂ ವಾರ ಬೇಕಿತ್ತು. ಮಾಸ್ತರರು ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಒಂದೊಂದೇ ಮನೆ ಒರೆಸಿದರು. ಹನುಮಪ್ಪ ತಟ್ಟೆ ಹಿಡಿದು ನಿಂತಿದ್ದ. ಹತ್ತು ನಿಮಿಷವೂ ಹಿಡಿಯಲಿಲ್ಲ. ಕೆಳಗಿನಿಂದ ಹುಣಸೆ ಮರ ಮೊದಲಿನ ಹಾಗೇ ಬಂತು.

ಶನಿವಾರ, ಜನವರಿ ೧೧, ಬೆಳಿಗ್ಗೆ ೧೧ ಗಂಟೆಗೆ ಪುನರ್ವಸತಿಯ ಸಾಹೇಬರು ಚಿತ್ರವನ್ನು ಜೀಪಿನಲ್ಲಿ ಹಾಕಿಸಿಕೊಂಡು ಹೋದರು. ಅದೇ ಹೊತ್ತಿಗೆ ಕೃಷ್ಣವ್ವ ಹೆಬ್ಬೆಟ್ಟು ಒತ್ತಲು ಠಾಣೆಗೆ ಬಂದಿದ್ದಳು. ಜೀಪು ಹೋಗುವುದನ್ನು ಕಿಟಕಿಯಿಂದ ನೋಡಿದಳು. ಆಮೇಲೆ ಬಾಳುವನ್ನು ಕೇಳಿದಳು:

"ಒರಸ್ಯಾರಂತಲ್ಲರಿ?"

"ಹೂಂ. ಒರಸ್ಯಾರ."

"ನೀವು ಬರದ ಕಾಗದದಾಗ ನಮ್ಮ ಮನಿ ಅದಾವಂತಲ್ಲರಿ. ಅದನ್ನ ಜಾಗದ ಸಾಹೇಬರಿಗೆ ತೋರಸಾಕ ಬರತೈತೇನ್ರಿ?"

"ಅದು ನಿನ್ನ ಗುನ್ಹೆದ ಕಾಗದವ್ವಾ. ಕೋರ್ಟಿಗಷ್ಟ ಹೊಕ್ಕೈತಿ."

ಕೃಷ್ಣವ್ವ ಮಸಿ ಹತ್ತಿದ ಹೆಬ್ಬೆಟ್ಟನ್ನು ಗೋಡೆಗೆ ಒರೆಸಲು ಹೋಗಿ, ಗೋಡೆ ಬಿಳಿಯಾಗಿರುವುದನ್ನು ನೋಡಿ, ಸೆರಗಿಗೆ ಒರೆಸಿಕೊಂಡಳು.

"ಎಷ್ಟ ಅಂತ ಬರದೀರಿ?"

ಬಾಳು ಫೈಲು ತೆರೆದು, ಗೊತ್ತಿದ್ದರೂ, ಹಾಳೆ ತಿರುವಿ ನೋಡಿದ.

"ಹದಿನಾಲ್ಕು."

"ಬರೊಬ್ಬರಿ ಐತಿ," ಎಂದು ಅವಳು ಮೆಟ್ಟಿಲು ಇಳಿದಳು.