ಬಣ್ಣವಿಲ್ಲದ ಕಲರ್

ಬೆಳಗ್ಗೆ ಕಾರ್ಖಾನೆಯ ಬಾಗಿಲು ತೆಗೆದರೆ ನೆಲದ ತುಂಬ ಗಾಜಿನ ಚೂರು! ಹೋಟೆಲಿಗೆ ಹೊರಡಬೇಕಿದ್ದ ಸಾದಾ ಸೋಡಾ ಬಾಟಲಿಗಳನ್ನು ಯಾರೋ ಒಂದೂ ಬಿಡದೆ ಒಡೆದಿದ್ದರು. ಕೆಂಪು, ಕಿತ್ತಳೆ ಬಾಟಲಿಗಳಿಗೆ ಏನೂ ಆಗಿರಲಿಲ್ಲ. ಗೋಡೆಯ ಮೇಲೆ ಸೀಮೆಸುಣ್ಣದ ಬರಹ— "ನಮ್ಮನ್ನು ಹಂಗಿಸುವವರ ಕಲರ್ ಒಡೆದಿದ್ದೇನೆ. ಈಗ ಮಾರಿ ನೋಡೋಣ!"

ಯಜಮಾನನಿಗೆ ಅಷ್ಟೇ ಸಾಕಾಯಿತು. ಹೊಳೆಯ ಈಚೆಯವರಿಗೆ ಗುಳ್ಳೆ ಏಳುವುದೆಲ್ಲ ಸೋಡಾ— ಕೆಂಪು ಸೋಡಾ, ಕಿತ್ತಳೆ ಸೋಡಾ, ಸಾದಾ ಸೋಡಾ. ಕಲರ್ ಎನ್ನುವವರು ಆಚೆಯವರು. ಇಲ್ಲಿ ಆಚೆಯವಳೆಂದರೆ ಬಾಟಲಿ ತೊಳೆಯುವವಳು ಒಬ್ಬಳೇ. ಅವಳನ್ನು ಗೇಟಿನ ಹೊರಗೆ ನಿಲ್ಲಿಸಿ, ಮೇಸ್ತ್ರಿ ಕೆಲಸ ಕೊಡ್ತೀನೆಂದು ನಿನ್ನೆ ಹೇಳಿದ್ದೇ ತಪ್ಪಾಯಿತೆಂದು ಬೀದಿಗೆಲ್ಲ ಕೇಳುವಂತೆ ಬೈದ. ಸಂಜೆಯೊಳಗೆ ಪೊಲೀಸರಿಗೆ ಒಪ್ಪಿಸುತ್ತೇನೆಂದ.

ಸಾಕ್ಷಿ ಹೊಂದಿಸಿಕೊಡಲೆಂದು ಯಜಮಾನ ಕರೆಸಿದ ಪತ್ತೇದಾರನಿಗೆ ಇವರನ್ನೆಲ್ಲ ನೋಡಿಯೇ ಮೈ ಉರಿಯಿತು. ಊರಿಗೆ ಸೋಡಾ ಕುಡಿಸುವ ಜನ, ಹೊಳೆ ದಾಟಿದವರನ್ನು ಮನುಷ್ಯರೆಂದು ಎಣಿಸಲು ಕಲಿತಿರಲಿಲ್ಲ.

"ಬೀಗ ಮುರಿದಿಲ್ಲ. ಕೀಲಿ ಯಾರ್ಯಾರ ಹತ್ರ ಇದೆ?"

"ಅವಳ ಹತ್ರ, ನಮ್ಮ ಅಳಿಯಂದಿರ ಹತ್ರ, ಅಂಗಡಿಗಳಿಗೆ ಮಾಲು ಹಾಕೋ ಗಾಡಿಯವನ ಹತ್ರ."

ಅಳಿಯ ಇಸ್ತ್ರಿ ಮಾಡಿದ ಅಂಗಿಯ ತೋಳು ಸರಿಪಡಿಸಿಕೊಳ್ಳುತ್ತ ನಕ್ಕ. "ಇದರಲ್ಲಿ ಕೇಳೋದೇನಿದೆ ಸಾರ್? ಆ ಕಡೆ ಜನಕ್ಕೆ ಎಲ್ಲಾ ಕಲರ್ರೇ. ಬುದ್ಧಿ ಅಷ್ಟೇ ಅವರಿಗೆ."

"ಆ ಕಡೆ ಹೋಗಿದ್ದೀರಾ?"

"ನಾನ್ಯಾಕೆ ಹೋಗ್ಲಿ? ಅಲ್ಲೇನಿದೆ ಮಣ್ಣು!"

ಗಾಡಿಯವನು ಹೊಳೆಯಾಚೆಗೆ ದಿನವೂ ಹೋಗುವವನು. ಪತ್ತೇದಾರ ಅವನನ್ನು ಕೇಳಿದ— "ಅಲ್ಲಿ ಅಂಗಡಿಯವರು ಏನಂತ ಕೇಳ್ತಾರೆ?"

"ಕಲರ್ ಇಷ್ಟು, ಗ್ಯಾಸು ಇಷ್ಟು ಅಂತಾರೆ ಸಾರ್."

ಪತ್ತೇದಾರ ಕೊನೆಗೆ ಗೇಟಿನ ಬಳಿ ಹೋಗಿ ಆ ಹೆಂಗಸಿನ ಮುಂದೆ, ಎದುರಂಗಡಿಯಿಂದ ತರಿಸಿದ ಒಂದು ಸಾದಾ ಸೋಡಾ ಹಿಡಿದ. "ಇದಕ್ಕೆ ಏನಂತೀಯಮ್ಮ?"

"ಗ್ಯಾಸು."

"ಕಲರ್ ಅನ್ನಲ್ವಾ?"

ಅತ್ತು ಕೆಂಪಾದ ಕಣ್ಣಲ್ಲೂ ಅವಳಿಗೆ ನಗು ಬಂತು. "ಇದರಲ್ಲಿ ಬಣ್ಣ ಎಲ್ಲಿದೆ ಸಾಮಿ, ಕಲರ್ ಅನ್ನೋಕೆ?"

ಪತ್ತೇದಾರ ಉಳಿದವರನ್ನು ಗೇಟಿನಿಂದ ಕಾಣುವ ಆ ಗೋಡೆಯ ಮುಂದೆ ನಿಲ್ಲಿಸಿದ.

"ಒಡೆದದ್ದು ಬರೀ ಸಾದಾ ಸೋಡಾ. ಗೋಡೆ ಮೇಲೆ ಬರೆದದ್ದು ಕಲರ್. ಆಚೆಯವರು ಬಣ್ಣದ್ದಕ್ಕೆ ಮಾತ್ರ ಕಲರ್ ಅಂತಾರೆ. ಅದು ಇವಳಿಗೆ ಗೊತ್ತು, ಗಾಡಿಯವನಿಗೂ ಗೊತ್ತು. ಕೀಲಿ ಇರೋರಲ್ಲಿ ಗೊತ್ತಿಲ್ಲದವರು ಒಬ್ಬರೇ— ಹೊಳೆ ದಾಟದೇನೇ ಆ ಜನರನ್ನು ಅರೆದು ಕುಡಿದಿದ್ದೀನಿ ಅಂದುಕೊಂಡ ನಿಮ್ಮ ಅಳಿಯಂದಿರು."

"ನಾನ್ಯಾಕೆ ನಮ್ಮ ಮಾಲು ಒಡೀಲಿ?" ಅಳಿಯನ ದನಿ ಕೀರಲಾಯಿತು.

"ನಿನ್ನೆ ನಿಮ್ಮ ಮಾವ ಮೇಸ್ತ್ರಿ ಕೆಲಸ ಯಾರಿಗೆ ಕೊಡ್ತೀನಿ ಅಂದ್ರು?"

ಯಜಮಾನ ತೊಳೆಯುವವಳತ್ತ ನೋಡಿದ. ಅಳಿಯ ಸಿಡಿದ. "ಹೌದು! ಬಾಟಲಿ ತೊಳೆಯೋಳ ಕೈಕೆಳಗೆ ನಾನು ದುಡೀಬೇಕಿತ್ತಾ?"

ಇಷ್ಟು ಸಣ್ಣ ಮನುಷ್ಯನಿಗಾಗಿ ಒಂದು ಬೆಳಗು ಹಾಳಾಯಿತಲ್ಲ ಎಂದು ಪತ್ತೇದಾರನಿಗೆ ಹೇಸಿಗೆಯಾಯಿತು.

ಯಜಮಾನ ಗೇಟಿನ ಬಳಿ ಅವಳ ಹತ್ತಿರ ಬಂದು ದನಿ ತಗ್ಗಿಸಿದ. "ಮನೆ ಮರ್ಯಾದೆ ಪ್ರಶ್ನೆ. ಇದು ನಮ್ಮೊಳಗೇ ಇರಲಿ. ನಿನ್ನ ಕೆಲಸ ನಿನಗೇ ತಾಯಿ, ಒಳಗೆ ಬಾ."

ಅವಳು ಕದಲಲಿಲ್ಲ.

"ನನ್ನನ್ನ ಬೀದಿಗೆ ಕೇಳೋ ಹಾಗೆ ಬೈದ್ರಿ ಯಜಮಾನ್ರೇ. ಒಡೆದೋರು ಯಾರು ಅನ್ನೋದನ್ನೂ ಇಲ್ಲೇ ನಿಂತು, ಅಷ್ಟೇ ಜೋರಾಗಿ ಹೇಳಿ. ಆಮೇಲೆ ಒಳಗೆ ಬರ್ತೀನಿ."

ಎದುರಂಗಡಿಯವರೆಲ್ಲ ಹೊರಬಂದು ನಿಂತಿದ್ದರು. ಯಜಮಾನ ಅಳಿಯನನ್ನೊಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು ಗೇಟಿನ ಹೊರಗೆ ಕಾಲಿಟ್ಟ.