ಮುಟ್ಟುವ ಮುಂಚಿನ ನಕಲು

ನಮ್ಮ ಆಸ್ಪತ್ರೆಯ ರಕ್ತನಿಧಿಯ ಸರ್ವರ್ ನೋಡಿಕೊಳ್ಳುವವನು ನಾನೊಬ್ಬನೇ. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡುವುದನ್ನು ನನಗೆ ಕಲಿಸಿದವರು ಹಳೆಯ ಆಪರೇಟರ್ ಅಕ್ಕ. "ಏನಪ್ಪಾ ಪಂಡಿತ, ಫೈಲ್ ಮುಟ್ಟೋ ಮುಂಚೆ ನಕಲು ತೆಗೆದ್ಯಾ?" ಎಂದು ಪಕ್ಕದ ಕುರ್ಚಿಯಿಂದ ದಿನಕ್ಕೆ ಹತ್ತು ಸಲ ಛೇಡಿಸುತ್ತಿದ್ದರು. ಹೋದ ವರ್ಷ ಅವರು ತೀರಿಕೊಂಡ ಮೇಲೆ ಅವರ ಲಾಗಿನ್ ಅಳಿಸಿದವನೂ ನಾನೇ.

ಮೊನ್ನೆ ಸೋಮವಾರ ಮಟಮಟ ಮಧ್ಯಾಹ್ನ, ಒಂದೇ ಸಾಲು ತಾನೆ ಎಂದು ನಕಲು ತೆಗೆಯದೆ ಸೆಟ್ಟಿಂಗ್ ಫೈಲಿಗೆ ಕೈ ಹಾಕಿದೆ. ಸರ್ವರ್ ಮಕಾಡೆ ಮಲಗಿತು.

"ಅಣ್ಣಾ, ಯಾವ ರಕ್ತ ಎಷ್ಟಿದೆ ಅಂತಾನೇ ಕಾಣ್ತಿಲ್ಲ! ಒಳಗೆ ಆಪರೇಷನ್ ನಡೀತಿದೆ!" ಎಂದು ನರ್ಸಮ್ಮ ಬಾಗಿಲಲ್ಲೇ ಕೂಗಿದರು.

ಫೈಲುಗಳ ಪಟ್ಟಿ ತೆಗೆದರೆ ಅಲ್ಲೊಂದು ನಕಲಿತ್ತು, ನಾನು ಕೈ ಹಾಕುವ ನಾಲ್ಕು ನಿಮಿಷ ಮುಂಚಿನದು. ಕೆಟ್ಟ ಫೈಲಿನ ಜಾಗಕ್ಕೆ ಅದನ್ನೇ ಹಾಕಿದೆ, ಸರ್ವರ್ ಎದ್ದು ಕೂತಿತು. ಆಮೇಲೆ ಗಮನಿಸಿದೆ: ಅದನ್ನು ಮಾಡಿದವರ ಹೆಸರಿರಬೇಕಾದ ಕಡೆ ಬರೀ ಒಂದು ಸಂಖ್ಯೆಯಿತ್ತು. ಲಾಗಿನ್ ಅಳಿಸಿದರೆ ಹೆಸರು ಹೋಗಿ ಅದರ ಸಂಖ್ಯೆಯಷ್ಟೇ ಉಳಿಯುತ್ತದೆ; ಇದು ಅಕ್ಕನ ಲಾಗಿನ್ನಿನದು. ಅದನ್ನು ಬೇರೆ ಯಾರಿಗೂ ಕೊಟ್ಟಿಲ್ಲ. ಕೋಣೆಯಲ್ಲಿ ಎ.ಸಿ. ಚಳಿ ಕೊರೆಯುತ್ತಿತ್ತು. ಪಕ್ಕದ ಖಾಲಿ ಕುರ್ಚಿ ಮುಟ್ಟಿದರೆ ಬೆಚ್ಚಗಿತ್ತು.

ಇದನ್ನು ಹೇಳಿದ್ದಕ್ಕೆ, "ನೀವೇ ನಕಲು ತೆಗೆದು ಮರೆತಿರ್ತೀರಿ, ಹೋಗಿ ಊಟ ಮಾಡಿ" ಎಂದರು ನರ್ಸಮ್ಮ. ಇದ್ದರೂ ಇರಬಹುದು ಎಂದುಕೊಂಡೆ.

ಇವತ್ತು ಬೆಳಿಗ್ಗೆ ನೋಡಿದರೆ ಅದೇ ಸಂಖ್ಯೆಯಲ್ಲಿ ಸೆಟ್ಟಿಂಗ್ ಫೈಲಿನ ಇನ್ನೊಂದು ಹೊಸ ನಕಲು ಬಂದಿದೆ. ಇವತ್ತು ಆ ಫೈಲ್ ಮುಟ್ಟುವ ಕೆಲಸವೇ ನನಗಿಲ್ಲ. ಆಗಿನಿಂದ ಕೀಬೋರ್ಡ್ ಮುಟ್ಟದೆ ಕೈ ಕಟ್ಟಿಕೊಂಡು ಕೂತಿದ್ದೇನೆ.