ಕಂಡಕ್ಟರಿಗೆ ನಾಲ್ಕು ಟಿಕೆಟ್

ಕೆಳಬೇಲಿಯಲ್ಲಿ ಉರುಳು ಕಟ್ಟಿದ್ದು ಶಿಲ್ಪಶ್ರೀಯ ಅಪ್ಪ. ಕಾಫಿ ಎಸ್ಟೇಟಿನ ಕೆಲಸ ನೋಡಿಕೊಳ್ಳುವ ರೈಟರ್ ಕಟ್ಟು ಅಂದಿದ್ದರು, ಅಪ್ಪ ಕಟ್ಟಿದ. ಹಂದಿಗೆಂದು ಕಟ್ಟಿದ ಉರುಳಿನಲ್ಲಿ ಕಂಡಕ್ಟರ್ ಎಂಬ ನಾಯಿ ಸಿಕ್ಕಿಕೊಂಡಿತು. ಎರಡು ರಾತ್ರಿ ಯಾರ ಕಣ್ಣಿಗೂ ಬೀಳದೆ ಅಲ್ಲೇ ಇತ್ತು.

ಈಗ ಅದು ಅರುಣಣ್ಣನ ಜೀಪಿನ ಹಿಂಭಾಗದಲ್ಲಿ, ಗೋಣಿಚೀಲದ ಮೇಲೆ ಮಲಗಿತ್ತು. ತಲೆ ಮಾತ್ರ ಶಿಲ್ಪಶ್ರೀಯ ತೊಡೆಯ ಮೇಲಿತ್ತು. ಎದುರಿನ ಸೀಟಿನಲ್ಲಿ ಅಪ್ಪ ಕೂತಿದ್ದ.

"ಸ್ವಲ್ಪ ನಿಧಾನ ಹೋಗು ಮಾರಾಯ, ಎತ್ತಿ ಹಾಕ್ತದೆ," ಅಂದ ಅಪ್ಪ.

"ಗುಂಡಿ ತಪ್ಪಿಸಿ ಹೋಗೋದು ಎಲ್ಲಿಂದ ತಿಮ್ಮಪ್ಪಣ್ಣ? ಈ ರೋಡಲ್ಲಿ ಮೊದ್ಲು ಗುಂಡಿ ಮಾಡಿ, ಉಳಿದ ಜಾಗಕ್ಕೆ ಟಾರ್ ಹಾಕಿದ್ದು," ಅಂದರು ಅರುಣಣ್ಣ. ಆದರೂ ಗೇರ್ ಇಳಿಸಿದರು. ಬಸರೀಕಟ್ಟೆಯಿಂದ ಕೊಪ್ಪದವರೆಗೂ ಹಾಗೇ ಮೆಲ್ಲಗೆ ಓಡಿಸಿದರು.

"ಮಗಾ, ಅದಕ್ಕೆ ನೀರು ಕೊಡದಾ?" ಅಪ್ಪ ಕೇಳಿದ.

ಶಿಲ್ಪಶ್ರೀ ತನ್ನ ಸ್ಕೂಲ್ ಬಾಟಲಿಯ ಮುಚ್ಚಳ ತೆಗೆದು, ಅಂಗೈಗೆ ನೀರು ಸುರಿದುಕೊಂಡು ಹಿಡಿದಳು. ಕಂಡಕ್ಟರ್ ಎರಡು ಸಲ ನೆಕ್ಕಿ ಸುಮ್ಮನಾಯಿತು.

ಬೆಳಿಗ್ಗೆ ಒಂದೇ ಒಂದು ಪ್ರಶ್ನೆ ಕೇಳಿದ ಮೇಲೆ ಅವಳು ಅಪ್ಪನ ಜೊತೆ ಮಾತಾಡಿರಲಿಲ್ಲ. ಅಪ್ಪ ಕಂಡಕ್ಟರನ್ನು ಹೆಗಲ ಮೇಲೆ ಹೊತ್ತು ಕೂಲಿಯವರ ಲೈನ್ ಮನೆಯ ಅಂಗಳಕ್ಕೆ ಬಂದಾಗ ಅವನ ಜೇಬಿನಲ್ಲಿ ಇಕ್ಕಳವಿತ್ತು. ಕೈಯಲ್ಲಿ ಕತ್ತರಿಸಿದ ಉರುಳಿನ ಕ್ಲಚ್ ವಯರ್ ತುಂಡು ಇತ್ತು.

"ಉರುಳು ಯಾರು ಕಟ್ಟಿದ್ದು?" ಅವಳು ಕೇಳಿದ್ದಳು.

"ನಾನೇ."

ಅಷ್ಟೇ.

ಜೀಪು ಹೊರಡುವಾಗ ರೈಟರ್ ಬೈಕಿನಲ್ಲಿ ಬಂದು, ಅಪ್ಪನ ಕಿವಿಯ ಹತ್ತಿರ ಬಗ್ಗಿದ್ದರು. ಹೇಳಿದ್ದು ಶಿಲ್ಪಶ್ರೀಗೂ ಕೇಳಿಸಿತ್ತು. "ಡಾಕ್ಟ್ರು ಕೇಳಿದ್ರೆ ಹಂದಿ ತಿವೀತು ಅನ್ನು. ಉರುಳು ಅಂತ ಬಾಯಿಬಿಟ್ಟರೆ ಫಾರೆಸ್ಟಿನವ್ರು ಬರ್ತಾರೆ. ಅವ್ರು ಹಿಡಿಯೋದು ಕಟ್ಟಿದವನ್ನ. ಕಟ್ಟು ಅಂದವನನ್ನಲ್ಲ. ತಿಳೀತಾ?"

ಕಂಡಕ್ಟರ್ ಎಂಬ ಹೆಸರಿಟ್ಟಿದ್ದು ಮಕ್ಕಳು. ಎಸ್ಟೇಟ್ ಲೈನಿನಿಂದ ಶಾಲೆಗೆ ಹೋಗುವವರು ನಾಲ್ಕು ಜನ. ಐದನೇ ಕ್ಲಾಸಿನ ಶಿಲ್ಪಶ್ರೀ, ನಾಲ್ಕನೇ ಕ್ಲಾಸಿನ ಅರ್ಪಿತಾ ಮತ್ತು ಸಂದೇಶ, ಒಂದನೇ ಕ್ಲಾಸಿನ ದೀಪು. ಕಾಫಿ ತೋಟ, ಹಳ್ಳ, ಕಾಡು ದಾಟಿ ಎರಡು ಕಿಲೋಮೀಟರ್ ನಡೆಯಬೇಕು. ಆ ದಾರಿಯಲ್ಲಿ ಕಾಟಿ ಬರುತ್ತದೆ. ಕಾಟಿ ಅಂದರೆ ಕಾಡುಕೋಣ, ಅರುಣಣ್ಣನ ಜೀಪಿನಷ್ಟು ದೊಡ್ಡದು.

ಈ ನಾಯಿ ಯಾವತ್ತೂ ಮುಂದೆ ನಡೆದದ್ದಿಲ್ಲ. ನಾಲ್ವರ ಹಿಂದೆ ನಡೆಯುತ್ತಿತ್ತು. ಯಾರಾದರೂ ಹಿಂದೆ ಉಳಿದರೆ ಅದೂ ನಿಲ್ಲುತ್ತಿತ್ತು, ಬೊಗಳಿ ಎಲ್ಲರನ್ನೂ ನಿಲ್ಲಿಸುತ್ತಿತ್ತು. ಎಲ್ಲರೂ ಸೇರಿದ ಮೇಲೆ ಶಿಲ್ಪಶ್ರೀ "ರೈಟ್!" ಅನ್ನಬೇಕು. ಆಗಲೇ ಅದು ಹೆಜ್ಜೆ ಎತ್ತುವುದು.

ಸಂಜೆ ನಾಲ್ಕಕ್ಕೆ ಅದು ಶಾಲೆಯ ಗೇಟಿನಲ್ಲಿ ಹಾಜರ್. ಮಕ್ಕಳು ಬಿಸಿಯೂಟದ ಮೊಟ್ಟೆಯಲ್ಲಿ ಒಂದು ಚೂರು ಹಳದಿ ಉಳಿಸಿ, ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿ ತರುತ್ತಿದ್ದರು. ಅದೇ ಟಿಕೆಟ್. ನಾಲ್ಕು ಟಿಕೆಟ್ ಸಿಗದೆ ಬಸ್ಸು ಹೊರಡುವುದಿಲ್ಲ.

ಬೆಳಿಗ್ಗೆ ಮಕ್ಕಳನ್ನು ಬಿಟ್ಟ ಮೇಲೆ ಅದು ಬಂದ ದಾರಿಯಲ್ಲೇ ವಾಪಸ್ ಹೋಗುತ್ತಿರಲಿಲ್ಲ. ಒಂಟಿಯಾಗಿ ಕಂಡರೆ ಶಾಲೆಯ ಹತ್ತಿರದ ಅಂಗಡಿ ಸಾಲಿನ ನಾಯಿಗಳು ಅಟ್ಟಿಸಿಕೊಂಡು ಬರುತ್ತಿದ್ದವು. ಅದಕ್ಕೇ ಕೆಳಬೇಲಿಯ ಕಿಂಡಿಯಲ್ಲಿ ನುಸಿದು ತೋಟಕ್ಕೆ ಬರುತ್ತಿತ್ತು. ಇದು ನಾಲ್ಕೂ ಮಕ್ಕಳಿಗೆ ಗೊತ್ತಿತ್ತು. ದೊಡ್ಡವರನ್ನು ಯಾರೂ ಕೇಳಿರಲಿಲ್ಲ, ಮಕ್ಕಳೂ ಹೇಳಿರಲಿಲ್ಲ.

ಕೊಪ್ಪದ ಪಶು ಆಸ್ಪತ್ರೆಯಲ್ಲಿ ಡಾಕ್ಟರ್ ಗಂಗಾಧರ್ ಕಂಡಕ್ಟರನ್ನು ಮೇಜಿನ ಮೇಲೆ ಮಲಗಿಸಿದರು. ಹೊಟ್ಟೆ ನೋಡಿದರು, ಒಸಡು ನೋಡಿದರು. ಹಿಂಗಾಲಿನ ಬೆರಳನ್ನು ಗಟ್ಟಿಯಾಗಿ ಹಿಂಡಿದರು. ಕಾಲು ಅಲ್ಲಾಡಲಿಲ್ಲ.

"ಎಂತ ಆಗಿದ್ದು ಇದಕ್ಕೆ?"

ಶಿಲ್ಪಶ್ರೀ ಗೋಡೆ ನೋಡುತ್ತಾ ನಿಂತಳು. ಹಂದಿ ತಿವೀತು ಅಂತ ಈಗ ಅಪ್ಪ ಹೇಳುತ್ತಾನೆ, ಹೇಳಿದರೆ ತಾನು ಇನ್ನು ಯಾವತ್ತೂ ಅವನ ಜೊತೆ ಮಾತಾಡುವುದಿಲ್ಲ ಅಂದುಕೊಂಡಳು.

"ಉರುಳು ಸಾರ್," ಅಂದ ಅಪ್ಪ. "ಕಟ್ಟಿದ್ದು ನಾನೇ."

ಡಾಕ್ಟರ್ ತಲೆಯೆತ್ತಿ ನೋಡಿದರು. ಅಪ್ಪ ನೆಲ ನೋಡಲಿಲ್ಲ. ಅವರನ್ನೇ ನೋಡುತ್ತಿದ್ದ.

"ನಿಜ ಹೇಳಿದ್ದು ಒಳ್ಳೇದಾಯ್ತು. ಹಂದಿ ತಿವೀತು ಅಂತ ಈ ತಿಂಗಳಲ್ಲೇ ಮೂರು ನಾಯಿ ತಂದಿದ್ರು. ಹಂದಿ ಕೋರೆಯಿಂದ ವಯರಿನ ಗುರುತು ಬೀಳ್ತದಾ?"

ಆಮೇಲೆ ಅವರು ಕುರ್ಚಿ ಎಳೆದುಕೊಂಡು ಶಿಲ್ಪಶ್ರೀಯ ಎತ್ತರಕ್ಕೆ ಕೂತರು.

"ನೋಡು ಪುಟ್ಟಿ, ವಯರು ಒಳಗೆ ಕರುಳಿನ ತನಕ ಕೊರೆದಿದೆ. ಕೀವು ತುಂಬಿದೆ. ಬೆನ್ನಿನ ನರವೂ ಹೋಗಿದೆ. ಆಪರೇಷನ್ ಮಾಡಿದ್ರೂ ಇದು ಉಳಿಯಲ್ಲ. ಹಾಗೇ ಬಿಟ್ರೆ ಎರಡು ಮೂರು ದಿನ ನೋವು ತಿಂದು ಸಾಯ್ತದೆ."

"ಮತ್ತೆ?"

"ಒಂದು ಇಂಜೆಕ್ಷನ್ ಕೊಟ್ಟರೆ ನಿದ್ದೆ ಬರ್ತದೆ. ನಿದ್ದೇಲಿ ಇನ್ನೊಂದು ಕೊಡ್ತೀನಿ. ಆಮೇಲೆ ಏಳಲ್ಲ. ನೋವೂ ಇರಲ್ಲ."

ಶಿಲ್ಪಶ್ರೀ ಕಂಡಕ್ಟರಿನ ಕಿವಿ ಹಿಡಿದುಕೊಂಡಳು. ಕಿವಿ ಬಿಸಿಯಾಗಿತ್ತು. ಅದರ ಕಣ್ಣು ಮಾತ್ರ ಬಾಗಿಲ ಕಡೆಗೇ ಹೋಗುತ್ತಿತ್ತು. ಜೀಪಿನಲ್ಲೂ ಅದು ಹೀಗೇ ಹಿಂದಕ್ಕೆ ನೋಡುತ್ತಿತ್ತು.

"ಈಗ ಬೇಡ ಸಾರ್," ಅಂದಳು.

"ಪುಟ್ಟಿ, ಕಾದರೆ ಅದಕ್ಕೇ ನೋವು..."

"ಅವನು ನಮ್ಮನ್ನ ಹುಡುಕ್ತಿದ್ದಾನೆ ಸಾರ್. ನಾಲ್ಕು ಜನ ಆಗ್ದೆ ಅವನು ಹೋಗಲ್ಲ." ಮಿಕ್ಕಿದ್ದನ್ನು ಅಪ್ಪನೇ ಹೇಳಿದ. ಕಂಡಕ್ಟರ್ ಯಾರು, ಟಿಕೆಟ್ ಅಂದರೆ ಏನು, ಎಲ್ಲ.

ಅಪ್ಪನಿಗೆ ಟಿಕೆಟ್ಟಿನ ವಿಷಯ ಗೊತ್ತಿದೆ ಎಂದು ಶಿಲ್ಪಶ್ರೀಗೆ ಗೊತ್ತಿರಲಿಲ್ಲ.

ಡಾಕ್ಟರ್ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಮಧ್ಯಾಹ್ನ ನಿಮ್ಮ ಕಡೆಗೇ ಬರೋದಿದೆ, ದನಗಳ ವ್ಯಾಕ್ಸಿನ್‌ಗೆ. ಈಗ ನೋವು ತಿಳೀದ ಹಾಗೆ ಇಂಜೆಕ್ಷನ್ ಕೊಡ್ತೀನಿ. ನಾಲ್ಕು ಗಂಟೆಗೆ ನಿಮ್ಮ ಶಾಲೆ ಹತ್ರ ಇರ್ತೀನಿ. ಅದಕ್ಕಿಂತ ತಡ ಮಾಡೋದು ಬೇಡ. ಆಗಬಹುದಾ?"

"ಹ್ಞೂಂ. ಥ್ಯಾಂಕ್ಸ್ ಸಾರ್."

ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಅರುಣಣ್ಣ ಜೀಪನ್ನು ಶಾಲೆಯ ಗೇಟಿನ ಪಕ್ಕ, ಹಲಸಿನ ಮರದ ಕೆಳಗೆ ನಿಲ್ಲಿಸಿದರು. ಅಪ್ಪ ಕಂಡಕ್ಟರನ್ನು ಗೋಣಿಚೀಲದ ಸಮೇತ ಎತ್ತಿ, ದಿನಾ ಅದು ಕೂರುತ್ತಿದ್ದ ಜಾಗದಲ್ಲೇ ಇಳಿಸಿದ.

ಬೆಲ್ ಹೊಡೆಯಿತು. ಕಂಡಕ್ಟರ್ ಕಿವಿ ನಿಮಿರಿಸಿತು!

ಮೊದಲು ಅರ್ಪಿತಾ ಓಡಿ ಬಂದಳು. ಹಿಂದೆಯೇ ಸಂದೇಶ. ಇಬ್ಬರೂ ಹತ್ತಿರ ಬಂದು, ಕಂಡಕ್ಟರಿನ ಹೊಟ್ಟೆಯ ಬ್ಯಾಂಡೇಜ್ ನೋಡಿ ಗಕ್ಕನೆ ನಿಂತರು. ಶಿಲ್ಪಶ್ರೀ ಡಾಕ್ಟರ್ ಹೇಳಿದ್ದನ್ನೆಲ್ಲ ಹಾಗೇ ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ.

ಕಂಡಕ್ಟರ್ ಮೂವರನ್ನೂ ನೋಡಿತು. ಆಮೇಲೆ ಮತ್ತೆ ಗೇಟಿನ ಕಡೆ ನೋಡಿ ಕುಂಯ್ ಎಂದಿತು.

"ದೀಪು ಎಲ್ಲೋ?"

"ಸ್ಲೇಟು ಮರ್ತು ವಾಪಸ್ ಹೋದ. ದಿನಾ ಅವಂದು ಇದೇ ಕತೆ," ಅಂದ ಸಂದೇಶ, ಕಣ್ಣು ಒರೆಸಿಕೊಳ್ಳುತ್ತಾ.

ದೀಪು ಸ್ಲೇಟು ಹಿಡಿದುಕೊಂಡು ಬಂದ. ಅವನು ಗೇಟು ದಾಟಿದ್ದೇ ತಡ, ಕಂಡಕ್ಟರಿನ ಬಾಲ ನೆಲಕ್ಕೆ ಒಂದು ಸಲ ಬಡಿಯಿತು. ಕುಂಯ್ ಅನ್ನುವುದೂ ನಿಂತಿತು.

ಬಿಸಿಯೂಟದ ಅಡುಗೆಯ ವನಜಮ್ಮ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಶಿಲ್ಪಶ್ರೀಯ ಹತ್ತಿರ ಬಂದರು. "ತಗಾ, ನಿನ್ನ ಪಾಲಿನ ಮೊಟ್ಟೆ. ಬೆಳಿಗ್ಗೆ ಜೀಪಲ್ಲಿ ಹೋಗಿದ್ದು ನೋಡ್ದೆ. ನೀನು ಟಿಕೆಟ್ ಇಲ್ದೆ ಹೆಂಗೆ ಬರ್ತಿ ಅಂತ ಎತ್ತಿಟ್ಟಿದ್ದೆ."

ಅಷ್ಟರಲ್ಲಿ ಡಾಕ್ಟರ್ ಬೈಕು ಬಂತು.

"ಮೊಟ್ಟೆ ಕೊಡಬಹುದಾ ಸಾರ್?"

"ಇವತ್ತು ಅದಕ್ಕೆ ಏನು ಬೇಕಾದ್ರೂ ಕೊಡಬಹುದು."

ಮೂರು ಕಾಗದದ ಪೊಟ್ಟಣ ಬಿಚ್ಚಿಕೊಂಡವು. ಶಿಲ್ಪಶ್ರೀ ತನ್ನ ಮೊಟ್ಟೆ ಒಡೆದು ಹಳದಿ ಪೂರ್ತಿ ತೆಗೆದಳು. ಕಂಡಕ್ಟರಿಗೆ ಅಗಿಯಲು ಆಗಲಿಲ್ಲ. ಆದರೂ ಒಬ್ಬೊಬ್ಬರ ಬೆರಳಿನಿಂದಲೂ ಒಂದೊಂದು ಚೂರು ನೆಕ್ಕಿತು. ಯಾರ ಟಿಕೆಟ್ಟನ್ನೂ ಬಿಡಲಿಲ್ಲ.

"ಹೇಳೋದೇನಾದ್ರೂ ಇದ್ರೆ ಈಗ ಹೇಳಿ," ಅಂದರು ಡಾಕ್ಟರ್.

ಮಕ್ಕಳು ಕಂಡಕ್ಟರಿನ ಸುತ್ತ ಕೂತರು.

"ಜ್ವರ ಬಂದು ನಾನು ದಾರೀಲಿ ಕೂತುಬಿಟ್ಟಾಗ ನನ್ನ ಜೊತೆ ಕೂತಿದ್ಯಲ್ಲ, ಥ್ಯಾಂಕ್ಸ್," ಅಂದಳು ಅರ್ಪಿತಾ.

ಸಂದೇಶ ಬಗ್ಗಿ ಪಿಸುಗುಟ್ಟಿದ. ಆದರೆ ಎಲ್ಲರಿಗೂ ಕೇಳಿಸಿತು. "ಕಾಟಿ ಬಂದಾಗ ನೀನು ನಮ್ಮ ಮುಂದೆ ಬಂದು ನಿಂತಿದ್ಕೆ ಥ್ಯಾಂಕ್ಸ್. ನಾನು ಚಡ್ಡಿ ಒದ್ದೆ ಮಾಡ್ಕೊಂಡಿದ್ದನ್ನ ಯಾರಿಗೂ ಹೇಳ್ಲಿಲ್ಲ, ಅದಕ್ಕೂ."

"ನನ್ನ ಚಪ್ಲಿ ತಿಂದಿದ್ದಕ್ಕೆ ನಂಗೆ ಸಿಟ್ಟಿಲ್ಲ," ಅಂದ ದೀಪು.

ಅಪ್ಪ ಜೀಪಿನ ಆಚೆ ನಿಂತಿದ್ದ. ಟವೆಲ್ಲನ್ನು ಸುಮ್ಮನೆ ಮಡಚುತ್ತಿದ್ದ, ಬಿಚ್ಚುತ್ತಿದ್ದ.

"ಅಪ್ಪ, ನೀನೂ ಬಾ," ಅಂದಳು ಶಿಲ್ಪಶ್ರೀ.

ಅಪ್ಪ ಬಂದು ಮಂಡಿಯೂರಿ ಕೂತ. ಕಂಡಕ್ಟರಿನ ಹಣೆ ಮುಟ್ಟಿದ. "ತಪ್ಪಾತು ಮಾರಾಯ," ಅಂದ. ಕಂಡಕ್ಟರ್ ಅವನ ಕೈಯನ್ನೂ ನೆಕ್ಕಿತು. ಆ ಕೈಗೆ ಮೊಟ್ಟೆ ಹತ್ತಿರಲಿಲ್ಲ.

"ಉರುಳು ಕಟ್ಟೋದು ಯಾರಿಗೂ ಹೇಳಬೇಡ ಅಂದಿದ್ರು ರೈಟ್ರು, ಮಗಾ," ಅಪ್ಪನ ಧ್ವನಿ ಸಣ್ಣಗಾಗಿತ್ತು. "ಅದಕ್ಕೇ ಮನೇಲೂ ಹೇಳ್ಲಿಲ್ಲ. ಹೇಳಿದ್ರೆ, ಅದು ಅಲ್ಲೇ ನುಸಿಯೋದು ಅಂತ ನೀನು ಹೇಳ್ತಿದ್ದೆ."

ಶಿಲ್ಪಶ್ರೀ ತಲೆಯಾಡಿಸಿದಳು. ಹೌದು, ಹೇಳುತ್ತಿದ್ದಳು.

ಡಾಕ್ಟರ್ ಮೊದಲನೆಯ ಇಂಜೆಕ್ಷನ್ ಕೊಟ್ಟರು. ಶಿಲ್ಪಶ್ರೀ ಅದರ ಕಿವಿಯ ಹತ್ತಿರ ಬಾಯಿ ತಂದಳು.

"ನಾಲ್ಕು ಜನ ಬಂದಾಯ್ತು. ಯಾರೂ ಹಿಂದೆ ಉಳಿದಿಲ್ಲ. ನಾಳೆಯಿಂದ ಹಿಂದೆ ನಾನು ನಡೀತೀನಿ." ಸ್ವಲ್ಪ ತಡೆದು, ದಿನಾ ಹೇಳುವ ಹಾಗೆಯೇ ಹೇಳಿದಳು. "ರೈಟ್."

ಕಂಡಕ್ಟರ್ ಅವಳ ಅಂಗೈ ಮೇಲೆ ಗದ್ದ ಇಟ್ಟು ನಿದ್ದೆ ಮಾಡಿತು. ಎರಡನೆಯ ಇಂಜೆಕ್ಷನ್ ಅದಕ್ಕೆ ಗೊತ್ತೇ ಆಗಲಿಲ್ಲ.

ಲೈನ್ ಮನೆಗಳ ಹಿಂದೆ, ಶಾಲೆಯ ಕಾಲುದಾರಿ ಶುರುವಾಗುವ ಕಡೆ ಅಪ್ಪ ಗುಂಡಿ ತೋಡಿದ. ಮಕ್ಕಳು ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಅಮ್ಮ ಕಾಫಿ ಹಣ್ಣಿನ ಕೊಯ್ಲು ಮುಗಿಸಿ ನೇರ ಅಲ್ಲಿಗೇ ಬಂದು, ಸೊಂಟದ ಚೀಲವನ್ನೂ ಬಿಚ್ಚದೆ ನಿಂತಳು.

ಮಣ್ಣು ಮುಚ್ಚುತ್ತಿರುವಾಗಲೇ ರೈಟರ್ ಬೈಕು ಬಂತು. ಹ್ಯಾಂಡಲ್ಲಿಗೆ ಹೊಸ ವಯರಿನ ಸುರುಳಿ ನೇತಾಡುತ್ತಿತ್ತು.

"ಮುಗೀತಾ? ನಾಯಿ ಬೇಕಾದ್ರೆ ಇನ್ನೊಂದು ಸಿಗ್ತದೆ ಬಿಡು. ಬೆಳಕಿರುವಾಗ್ಲೇ ಹೋಗಿ ಅಲ್ಲೇ ಕಟ್ಟಿಬಿಡು ತಿಮ್ಮಪ್ಪ. ಇವತ್ತೂ ಹಂದಿ ಬಂದ್ರೆ ಬಾಳೆ ಒಂದೂ ಉಳಿಯಲ್ಲ."

ಅಪ್ಪ ಗುದ್ದಲಿ ಕೆಳಗಿಟ್ಟ. ಕೈಯ ಮಣ್ಣು ಕೊಡವಿಕೊಂಡ. ವಯರಿಗೆ ಕೈ ಚಾಚಲಿಲ್ಲ.

"ಕಟ್ಟಲ್ಲ ರೈಟ್ರೇ."

"ಎಂತ?"

"ರಾತ್ರಿ ಬೇಕಾದ್ರೆ ಕಾವಲು ಕೂರ್ತೀನಿ. ತಮಟೆ ಹೊಡೀತೀನಿ. ಉರುಳು ಕಟ್ಟಲ್ಲ."

"ಕೆಲಸ ಬೇಡ್ವಾ ಹಂಗಾದ್ರೆ?"

"ಕೆಲಸ ಬೇಕು. ಈ ಕೆಲಸ ಬೇಡ."

ರೈಟರ್ ನಕ್ಕರು. ನಗು ಅರ್ಧಕ್ಕೇ ನಿಂತಿತು. ಅವರು ಅಮ್ಮನ ಕಡೆ ನೋಡಿದರು. ಅಮ್ಮ ಕಂಡಕ್ಟರಿನ ಗುಂಡಿಯ ಮಣ್ಣು ನೋಡುತ್ತಿದ್ದಳು. ಕೊನೆಗೆ ಅವರು ಶಿಲ್ಪಶ್ರೀಯ ಕಡೆ ತಿರುಗಿದರು.

"ನೀನು ಓದೋ ಹುಡುಗಿ. ಈ ಲೈನ್ ಮನೆ ಎಸ್ಟೇಟಿಂದು ಅಂತ ನಿನಗಾದ್ರೂ ಗೊತ್ತುಂಟಲ್ಲ? ನಿಮ್ಮಪ್ಪಂಗೆ ಸ್ವಲ್ಪ ಬುದ್ಧಿ ಹೇಳು."

ಶಿಲ್ಪಶ್ರೀ ಅಪ್ಪನ ಕೈ ನೋಡಿದಳು. ವಯರು ಕತ್ತರಿಸುವಾಗ ಆದ ಗಾಯ ಅಂಗೈಗೆ ಅಡ್ಡಲಾಗಿತ್ತು. ಬೆಳಿಗ್ಗೆಯಿಂದ ಅವಳು ಅದನ್ನು ನೋಡಿಯೇ ಇರಲಿಲ್ಲ. ಕಂಡಕ್ಟರ್ ನೆಕ್ಕಿದ್ದು ಅದೇ ಕೈಯನ್ನು.

ಅವಳು ಹೋಗಿ ಆ ಕೈ ಹಿಡಿದುಕೊಂಡಳು.

"ನಾನು ಹೇಳಲ್ಲ," ಅಂದಳು.